ಮೂಳೆ ಇದ್ದಿಲಿನಿಂದ ಫ್ಲೋರೈಡ್ ತೆಗೆದದ್ದು: ಕೆನ್ಯಾದ ನಕುರುವಿನಲ್ಲಿ ನನ್ನ ಅನುಭವ

ಹಳ್ಳಿಯ ಗೂಡಿನಲ್ಲಿ ಸುಟ್ಟ ಮೂಳೆಯಿಂದ ಕುಡಿಯುವ ನೀರಿನ ಫ್ಲೋರೈಡ್ ಇಳಿಯುವುದಿಲ್ಲ, ಇಳಿದರೂ ಆ ನೀರನ್ನು ಯಾರೂ ಬಾಯಿಗೆ ಹಾಕುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ನೀರಿನ ರಸಾಯನಶಾಸ್ತ್ರದಲ್ಲೇ ಜೀವಮಾನ ಕಳೆದವರೂ ಇದ್ದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಮೂಳೆ ಇದ್ದಿಲು ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ತಕರಾರಿರಲಿಲ್ಲ. ನಕುರುವಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ನೀರಿನ ವಿಭಾಗದವರು ಅದನ್ನು ತಯಾರಿಸಿ ತೋರಿಸಿದ್ದರು, ಗಡಿಯಾಚೆ ತಾಂಜಾನಿಯಾದ ನ್ಗುರ್ದೋತೊ ಕೇಂದ್ರದಲ್ಲೂ ಅದರ ಮೇಲೆ ಸಾಕಷ್ಟು ಕೆಲಸ ನಡೆದಿತ್ತು. ಆದರೆ ಪ್ರೌಢಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಒಬ್ಬ ಮೇಷ್ಟ್ರು, ಇಟ್ಟಿಗೆ ಮತ್ತು ಮಣ್ಣಿನ ಗೂಡು ಕಟ್ಟಿಕೊಂಡು, ಸುಮಾರು ಮೂವತ್ತು ಮನೆಗಳಿಗೆ ಆಗುವಷ್ಟನ್ನು ಊರಲ್ಲೇ ತಯಾರಿಸಬಲ್ಲನೇ ಎಂಬುದು ಅವರ ಸಂದೇಹವಾಗಿತ್ತು. ಈಗ ಮೂರು ವರ್ಷದಿಂದ ತಯಾರಿಸುತ್ತಿದ್ದೇನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಫ್ಲೋರೈಡ್ ಇತ್ತು, ಪಿಎಚ್ 8.7ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1.5 ಎಂಬುದು ಎಲ್ಲರಿಗೂ ಗೊತ್ತಿದೆ. ರಿಫ್ಟ್ ಕಣಿವೆಯ ಜ್ವಾಲಾಮುಖಿ ಶಿಲೆಯಲ್ಲಿ ಹರಿದು ಬರುವ ಈ ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೇರಳ, ಕ್ಯಾಲ್ಸಿಯಂ ಅತಿ ಕಡಿಮೆ. ನನ್ನ ಎಡವಟ್ಟುಗಳೆಲ್ಲ ಶುರುವಾದದ್ದು ಈ ಒಂದು ಸಂಗತಿಯನ್ನು ಲಘುವಾಗಿ ತೆಗೆದುಕೊಂಡದ್ದರಿಂದ. ನಾನು ಪಾವಗಡದ ಕಡೆಯವನು. ನನ್ನ ಹಲ್ಲಿನ ಮೇಲೂ ಕಂದು ಗೆರೆಗಳಿವೆ. ಆದ್ದರಿಂದ ಫ್ಲೋರೈಡ್ ವಿಷಯದಲ್ಲಿ ನನಗೆ ಹೊಸದಾಗಿ ಕಲಿಯುವುದೇನೂ ಇಲ್ಲ ಎಂಬ ಸಣ್ಣ ಜಂಬವೂ ಇತ್ತು.

ಆ ಜಂಬದಲ್ಲೇ ಮೊದಲು ನಮ್ಮ ದೇಶದ ನಲಗೊಂಡ ವಿಧಾನಕ್ಕೆ ಕೈ ಹಾಕಿದೆ. ಪಟಕ, ಸುಣ್ಣ, ಒಂದು ಡ್ರಮ್ಮು, ಕಲಕಲು ಒಂದು ಕೋಲು. ಎರಡನೆಯ ವಾರದಲ್ಲೇ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡು 1.1 ತೋರಿಸಿತು, ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಚಹಾ ಹಂಚಿದೆ. ಆಮೇಲೆ ತಿಳಿದ ಸಂಗತಿಯೆಂದರೆ, ಅಳೆಯುವ ಮುನ್ನ ನೀರಿಗೆ ಬೆರೆಸಿ, ಕಟ್ಟಿಕೊಂಡ ಫ್ಲೋರೈಡನ್ನು ಬಿಡಿಸುವ ಟಿಸಾಬ್ ಎಂಬ ದ್ರಾವಣ ಮುಗಿದುಹೋಗಿದ್ದ ಆ ವಾರ ನಾನು ಬರೀ ನೀರನ್ನೇ ಅಳೆದಿದ್ದೆ. ಪಟಕದಿಂದ ಉಳಿದ ಅಲ್ಯೂಮಿನಿಯಂ ಫ್ಲೋರೈಡನ್ನು ಕಟ್ಟಿಹಾಕಿಕೊಂಡಿದ್ದರಿಂದ ಎಲೆಕ್ಟ್ರೋಡಿಗೆ ಅದು ಕಾಣಿಸಿರಲಿಲ್ಲ, ಅಷ್ಟೆ. ಹೊಸ ಟಿಸಾಬ್ ಬಂದ ಮೇಲೆ ಅದೇ ನೀರನ್ನು ಅಳೆದರೆ ಹತ್ತಿರ ಹತ್ತಿರ 4 ಬಂತು. ಬೈಕಾರ್ಬೊನೇಟ್ ತುಂಬಿದ ನೀರು ಪಟಕವನ್ನು ನುಂಗುತ್ತಲೇ ಹೋಗುತ್ತದೆ. ಲೀಟರಿಗೆ ಒಂದು ಗ್ರಾಂ ದಾಟಿದರೂ 1.5ರ ಕೆಳಗೆ ಇಳಿಸಲಾಗಲಿಲ್ಲ, ರುಚಿ ಮಾತ್ರ ಕೆಟ್ಟಿತು. ಚಹಾ ಹಂಚಿದ್ದನ್ನು ಸಹೋದ್ಯೋಗಿಗಳು ಇಂದಿಗೂ ಮರೆತಿಲ್ಲ.

ಫ್ಲೋರೈಡ್ ಹೀರುವ ಅಲ್ಯೂಮಿನಿಯಂ ಆಕ್ಸೈಡಿನ ಹರಳು, ಅಂದರೆ ಆಕ್ಟಿವೇಟೆಡ್ ಅಲ್ಯೂಮಿನಾದ ಕಥೆ ಚಿಕ್ಕದು. ಅದು ಚೆನ್ನಾಗಿ ಹೀರುವುದು ಪಿಎಚ್ ಆರರ ಕೆಳಗೆ. ದಿನವೂ ಆಮ್ಲ ಹಾಕಿ ಪಿಎಚ್ ಇಳಿಸುವ ಕೆಲಸವನ್ನು ಮನೆಮಂದಿಗೆ ವಹಿಸುವಷ್ಟು ಧೈರ್ಯ ನನಗಿರಲಿಲ್ಲ. ಇದ್ದ ನೀರಿನಲ್ಲೇ ಓಡಿಸಿ ನೋಡಿದ 10 ಕಿಲೋ ಒಂದು ತಿಂಗಳೊಳಗೆ ದಣಿದುಹೋಯಿತು, ಅದಕ್ಕೆ ಸುರಿದ ಹಣವೂ ಹೋಯಿತು.

ಉಳಿದದ್ದು ಮೂಳೆ. ಕಸಾಯಿಖಾನೆಯಲ್ಲಿ ಆಗ ಅದನ್ನು ಪುಕ್ಕಟೆ ಕೊಡುತ್ತಿದ್ದರು; ಹೊತ್ತು ತಂದರೆ ಉಪಕಾರವಾಯಿತು ಎನ್ನುತ್ತಿದ್ದರು. ಮೊದಲ ಸುಡುವಿಕೆಗೆ 200 ಲೀಟರಿನ ಎಣ್ಣೆ ಡ್ರಮ್ಮು ಬಳಸಿದೆ. ಡ್ರಮ್ಮಿನ ಗೋಡೆಗೆ ತಾಗಿದ್ದ ಮೂಳೆಗಳು ಸುಣ್ಣದ ಹಾಗೆ ಬೆಳ್ಳಗಾದವು, ನಡುವಿನವು ಕರ್ರಗೆ, ಒಳಗೆ ಇನ್ನೂ ಜಿಡ್ಡು. ಎರಡನೆಯ ಬಾರಿ ಗಾಳಿ ಹೆಚ್ಚಾಗಿ ಉರಿ 700 ಡಿಗ್ರಿ ದಾಟಿರಬೇಕು. ಎಲ್ಲವೂ ಬೆಳ್ಳಗಾಗಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು, ಫ್ಲೋರೈಡನ್ನಂತೂ ಮೂಸಿಯೂ ನೋಡಲಿಲ್ಲ. ಮೂರನೆಯದು ನೋಡಲು ಚೆನ್ನಾಗಿತ್ತು, ಅಳತೆಯಲ್ಲೂ ಗೆದ್ದಿತು. ಆದರೆ ಸೋಸಿದ ನೀರು ನಸುಹಳದಿಯಾಗಿ, ಸುಟ್ಟ ಕೂದಲಿನ ವಾಸನೆ ಹೊಡೆಯುತ್ತಿತ್ತು. ಮೊದಲು ಕೊಟ್ಟ ನಾಲ್ಕು ಮನೆಗಳಲ್ಲಿ ಮೂವರು ಮಾರನೆಯ ದಿನವೇ ಇದ್ದಿಲು ತುಂಬಿದ ಫಿಲ್ಟರ್ ಬಕೆಟನ್ನು ವಾಪಸು ತಂದಿಟ್ಟರು. ನಾಲ್ಕನೆಯವರು ಅದರಲ್ಲಿ ಬಟ್ಟೆ ನೆನೆಹಾಕಿದ್ದರು.

ದೋಷ ಮೂಳೆಯದಲ್ಲ, ನನ್ನ ಬೆಂಕಿಯದು ಎಂದು ಒಪ್ಪಿಕೊಳ್ಳಲು ಐದಾರು ತಿಂಗಳು ಹಿಡಿಯಿತು. ಆಮೇಲೆ ಇಟ್ಟಿಗೆಯ ಗೂಡು ಕಟ್ಟಿಸಿದೆ. ಕಟ್ಟಿದ ಫುಂಡಿ, ಅಂದರೆ ಅಲ್ಲಿಯ ಮೇಸ್ತ್ರಿ, ಇದು ಬ್ರೆಡ್ ಸುಡುವುದಕ್ಕೋ ಎಂದು ಕೊನೆಯವರೆಗೂ ಕೇಳುತ್ತಲೇ ಇದ್ದ. ಮೂಳೆ ಮತ್ತು ಸೌದೆಯ ಇದ್ದಿಲನ್ನು ಪದರಪದರವಾಗಿ ಹರಡಿ, ಶಾಖವನ್ನು ಅವಸರವಿಲ್ಲದೆ ಏರಿಸಿ, 400ರಿಂದ 500 ಡಿಗ್ರಿಯ ನಡುವೆ ಹಿಡಿದಿಟ್ಟು, ನಂತರ ಗಾಳಿಕಂಡಿಗಳನ್ನೆಲ್ಲ ಕೆಸರು ಮೆತ್ತಿ ಮುಚ್ಚಿ, ತಾನಾಗಿ ತಣಿಯುವವರೆಗೆ ಮುಟ್ಟದೆ ಬಿಡಬೇಕು. ಒಮ್ಮೆ ಆತುರಪಟ್ಟು ಒಂದೇ ದಿನಕ್ಕೆ ಬಾಗಿಲು ತೆಗೆದೆ. ಕಣ್ಣೆದುರೇ ಇಡೀ ರಾಶಿ ಕೆಂಪಗೆ ಹೊತ್ತಿಕೊಂಡು ಬೂದಿಬಣ್ಣಕ್ಕೆ ತಿರುಗಿತು. ಈಗ ಪೂರ್ತಿ ಎರಡು ದಿನ ಬಿಟ್ಟು, ಹೊರಗೋಡೆಗೆ ಅಂಗೈ ಒತ್ತಿ ನೋಡಿಯೇ ತೆಗೆಯುತ್ತೇನೆ. ಪದರಗಳ ದಪ್ಪ ಮತ್ತು ಕೊನೆಯ ಕಂಡಿಯನ್ನು ಮುಚ್ಚುವ ಗಳಿಗೆ ಎರಡೂ ನನ್ನ ಕೈಗೆ ಬರಲು ಹನ್ನೊಂದು ಸುಡುವಿಕೆಗಳು ಬೇಕಾದವು. ಅವನ್ನು ಇಲ್ಲಿ ಬರೆಯುವುದಿಲ್ಲ. ಗೂಡು ಗೂಡಿಗೆ ಬೇರೆಯಾಗುವ ಲೆಕ್ಕ ಎಂಬುದು ಒಂದು ಕಾರಣ, ಸುಲಭಕ್ಕೆ ಬಿಟ್ಟುಕೊಡಲು ಮನಸ್ಸಿಲ್ಲ ಎಂಬುದು ಇನ್ನೊಂದು.

ಹದವನ್ನು ನಾನು ಎರಡು ಬಗೆಯಲ್ಲಿ ನೋಡುತ್ತೇನೆ. ತೊಡೆಮೂಳೆಯೊಂದನ್ನು ಮುರಿದರೆ ಒಳಮೈ ಹೊರಮೈ ಒಂದೇ ಬೂದುಗಪ್ಪು ಇರಬೇಕು, ಮುರಿಯುವಾಗ ಹಂಚು ಒಡೆದ ಸದ್ದು ಬರಬೇಕು. ಆಮೇಲೆ ಒಂದು ಹಿಡಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ ದ್ರಾವಣ ಕಂದುಬಣ್ಣಕ್ಕೆ ತಿರುಗಿದ್ದರೆ ಒಳಗೆ ಸುಡದ ಅಂಶ ಉಳಿದಿದೆ ಎಂದರ್ಥ, ಆ ರಾಶಿ ಮತ್ತೆ ಗೂಡಿಗೆ. ಮೂಳೆ ಇದ್ದಿಲಿನಿಂದ ಸಕ್ಕರೆಯನ್ನು ಬಿಳಿ ಮಾಡುತ್ತಿದ್ದ ಕಾರ್ಖಾನೆಗಳ ಹಳೆಯ ಪರೀಕ್ಷೆ ಇದು, ನನ್ನ ಆವಿಷ್ಕಾರವಲ್ಲ.

ನೂರು ಕಿಲೋ ಒಣ ಮೂಳೆ ಸುಟ್ಟರೆ ಅರವತ್ತು ಕಿಲೋ ಉಳಿಯುತ್ತದೆ. ಅದನ್ನು ಕುಟ್ಟಿ, ಜರಡಿ ಹಿಡಿದು, 0.6ರಿಂದ 2 ಮಿಲಿಮೀಟರಿನ ಹರಳನ್ನು ಆರಿಸಿಕೊಂಡರೆ ನಲವತ್ತು ಕಿಲೋ ಸಿಕ್ಕಿದ ದಿನ ಸಂತೋಷ. ಮನೆಯ ಫಿಲ್ಟರಿಗೆ 12 ಕಿಲೋ ತುಂಬುತ್ತೇನೆ. ಒಂದು ಗ್ರಾಂ ಇದ್ದಿಲು ಸುಮಾರು 2 ಮಿಲಿಗ್ರಾಂ ಫ್ಲೋರೈಡ್ ಹಿಡಿಯುತ್ತದೆ ಎಂಬುದು ನನ್ನ ಲೆಕ್ಕ. ದಿನಕ್ಕೆ 20 ಲೀಟರು, ಲೀಟರಿಗೆ 8 ಮಿಲಿಗ್ರಾಂ ತೆಗೆಯಬೇಕು ಎಂದರೆ ಐದು ತಿಂಗಳು ಬರಬೇಕು. ಬಹುತೇಕ ಮನೆಗಳಲ್ಲಿ ಹಾಗೆಯೇ ಬಂದಿದೆ. ಹೊಸದಾಗಿ ತುಂಬಿದ ಫಿಲ್ಟರು 0.3 ಕೊಡುತ್ತದೆ, 1.2 ಮುಟ್ಟಿದಾಗ ಬದಲಾಯಿಸುತ್ತೇನೆ.

ಹಣದ ವಿಷಯ. ಎಲೆಕ್ಟ್ರೋಡು ಮತ್ತು ಮೀಟರಿಗೆ ಸುಮಾರು 70,000 ಶಿಲಿಂಗ್, ಗೂಡಿಗೆ 45,000, ಕೆಟ್ಟುಹೋದ ಸುಡುವಿಕೆಗಳ ಇದ್ದಿಲು, ಸಾಗಣೆ, ಕೂಲಿ ಎಲ್ಲ ಸೇರಿ ಮೊದಲ ಒಂದೂವರೆ ವರ್ಷದಲ್ಲಿ 1,80,000ದ ಹತ್ತಿರ ಹೋಯಿತು. ಅರ್ಧಕ್ಕಿಂತ ಹೆಚ್ಚು ನನ್ನ ಸಂಬಳದ್ದು. ನೆರವು ಕೊಡುತ್ತೇವೆಂದು ಬಂದ ಒಂದು ಸಂಸ್ಥೆಯವರು ಗೂಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು, ಅಷ್ಟೇ. ಈಗ ಒಂದು ತುಂಬುವಿಕೆಗೆ ಮನೆಯಿಂದ 600 ಶಿಲಿಂಗ್ ಪಡೆಯುತ್ತೇನೆ, ಅದರಲ್ಲಿ ಇಬ್ಬರು ಹುಡುಗರ ಕೂಲಿ ಹೊರಡುತ್ತದೆ.

ಇಷ್ಟಾದರೂ ಒಂದು ಮನೆಯ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಫಿಲ್ಟರಿನ ನೀರು 0.5 ಇತ್ತು, ಮಕ್ಕಳ ಮೂತ್ರದಲ್ಲಿ ಮಾತ್ರ ಫ್ಲೋರೈಡ್ ಇಳಿದೇ ಇರಲಿಲ್ಲ. ಒಂದು ಸಂಜೆ ಆ ಮನೆಯ ಅಡುಗೆಕೋಣೆಯಲ್ಲಿ ಕುಳಿತಿದ್ದಾಗ ಯಜಮಾನಿ ಹುರುಳಿಕಾಯಿ ಬೀಜ ಬೇಯುತ್ತಿದ್ದ ಪಾತ್ರೆಗೆ ಬೂದುಬಣ್ಣದ ಒಂದು ಗಟ್ಟಿಯನ್ನು ಒಡೆದು ಹಾಕಿದರು.

“ಮಾಮಾ, ಅದೇನು?” ಎಂದೆ.

“ಮಗಾಡಿ, ಮ್ವಾಲಿಮು. ಇದಿಲ್ಲದಿದ್ದರೆ ಬೀಜ ಬೇಯುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ.”

ಅಲ್ಲಿಯ ಮಾತಿನಲ್ಲಿ ಮಾಮಾ ಎಂದರೆ ಅಮ್ಮ, ಮ್ವಾಲಿಮು ಎಂದರೆ ಮೇಷ್ಟ್ರು. ಮಗಾಡಿ ಎಂದರೆ ಸೋಡಾ ಸರೋವರಗಳ ದಡದಲ್ಲಿ ಸಿಗುವ ಕ್ಷಾರ. ನಮ್ಮಲ್ಲಿ ಕಡಲೆಕಾಳಿಗೆ ಚಿಟಿಕೆ ಸೋಡಾ ಹಾಕುವಂತೆ ಅಲ್ಲಿ ಅದನ್ನು ಹಾಕುತ್ತಾರೆ. ಚೂರೊಂದನ್ನು ಕಾಗದದಲ್ಲಿ ಕಟ್ಟಿ ತಂದು, ಕರಗಿಸಿ ಅಳೆದೆ. ಆ ಒಂದು ಪಾತ್ರೆಯ ಸಾರಿನಲ್ಲಿದ್ದ ಫ್ಲೋರೈಡ್ ಅವರು ಇಡೀ ದಿನ ಕುಡಿಯುವ ಸೋಸಿದ ನೀರಿಗಿಂತ ಹೆಚ್ಚಾಗಿತ್ತು. ಮಗಾಡಿಯ ಬದಲು ಅಂಗಡಿಯ ಅಡುಗೆ ಸೋಡಾ ಬಳಸಲು ಒಪ್ಪಿಸುವುದು ಫಿಲ್ಟರು ಮಾರುವುದಕ್ಕಿಂತ ಕಷ್ಟವಾಯಿತು. ಅರ್ಧ ಮನೆಗಳು ಒಪ್ಪಿವೆ. ಉಳಿದವರು ರುಚಿ ಬರುವುದಿಲ್ಲ ಎನ್ನುತ್ತಾರೆ.

ಪಕ್ಕದ ಪ್ರಯೋಗಗಳೂ ನಡೆದವು. ನುಗ್ಗೆಬೀಜದ ಪುಡಿ ಕೆಸರನ್ನು ಇಳಿಸಿತು, ಫ್ಲೋರೈಡನ್ನು ಇಳಿಸಲಿಲ್ಲ. ದಣಿದ ಇದ್ದಿಲನ್ನು ಒಂದು ಶೇಕಡಾ ಕಾಸ್ಟಿಕ್‌ನಿಂದ ತೊಳೆದು ಮರುಜೀವ ಕೊಡಬಹುದು, ನಾನೂ ಕೊಟ್ಟೆ. ಆದರೆ ತೊಳೆದ ನೀರನ್ನು ಎಲ್ಲಿ ಚೆಲ್ಲುವುದೆಂದು ತೋಚದೆ ಆ ಕೆಲಸ ನಿಲ್ಲಿಸಿದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒದಗಿಸುವ ಗುಳಿಗೆಗಳನ್ನು ಇದ್ದಿಲಿನ ಜೊತೆ ಬೆರೆಸಿದರೆ ಫಿಲ್ಟರಿನ ಆಯಸ್ಸು ಹೆಚ್ಚುತ್ತದೆ ಎಂಬುದು ಬಲ್ಲವರಿಗೆ ಗೊತ್ತು. ನನ್ನ ಎರಡು ಫಿಲ್ಟರುಗಳು ಹಾಗೆ ಹತ್ತು ತಿಂಗಳು ದಾಟಿವೆ. ಆ ಗುಳಿಗೆಯ ಪಾಕ ಇನ್ನೂ ನನ್ನ ನೋಟುಪುಸ್ತಕದಲ್ಲೇ ಇರಲಿ.

ಮೂಳೆ ಎಂಬ ಮುಜುಗರವೂ ಇತ್ತು. ಹಂದಿ ಮೂಳೆ ಸೇರುತ್ತದೆಂಬ ಗುಮಾನಿ ಹುಟ್ಟಿದಾಗ ಮಸೀದಿಯ ಹಿರಿಯರನ್ನು ಕರೆದು, ರಾಶಿಯನ್ನು ಅವರೆದುರೇ ಬಿಚ್ಚಿ ತೋರಿಸಿದೆ. ಅವರೇ ಮೊದಲ ಲೋಟ ಕುಡಿದರು. ಊರಿಗೆ ಬಂದಾಗ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದರೆ ಅಮ್ಮ ಪೂರ್ತಿ ಕೇಳಿಸಿಕೊಂಡು, “ಒಳ್ಳೇ ಕೆಲಸ ಕಣಪ್ಪ, ಆದ್ರೆ ಆ ಬಕೆಟ್ ನಮ್ಮನೆ ಒಳಕ್ಕೆ ತರಬೇಡ” ಎಂದರು. ಪಾವಗಡದಲ್ಲಿ ಇದು ನಡೆಯುವುದಿಲ್ಲವೆಂದು ನನಗೆ ಅಂದೇ ಅರ್ಥವಾಯಿತು.

ಸದ್ಯದ ತೊಂದರೆ ನಾನೇ ತಂದುಕೊಂಡದ್ದು. ಪುಕ್ಕಟೆಯಿದ್ದ ಮೂಳೆಗೆ ಮೊದಲು ಮೂಟೆಗೆ 100 ಶಿಲಿಂಗ್ ಕೇಳಿದರು, ಆಮೇಲೆ 250. ನಕುರು ಪೇಟೆಯಿಂದ ಕೋಳಿಮೇವಿನವರು ಬಂದ ಮೇಲೆ ಈಗ 400 ಎನ್ನುತ್ತಿದ್ದಾರೆ. ತೊಡೆಮೂಳೆಯನ್ನು ಮಾತ್ರ ನನಗೆ ಎತ್ತಿಟ್ಟು, ಪಕ್ಕೆಲುಬನ್ನು ಅವರಿಗೆ ಕೊಡಿ ಎಂದು ಕಸಾಯಿಖಾನೆಯವನೊಡನೆ ಮಾತು ನಡೆಸಿದ್ದೇನೆ. ಸೋಮವಾರ ಬಾ ಎಂದಿದ್ದಾನೆ.