ಎರಡು ಬಗೆಯ ಉಸಿರಾಟ: ಸುಣ್ಣದ ತಿಳಿನೀರು ಬಿಟ್ಟು ನೀಲಿ ಬಣ್ಣ ಹಿಡಿದೆ

ವಾಯುವಿಕ (ಆಮ್ಲಜನಕ ಬಳಸುವ), ಅವಾಯುವಿಕ (ಬಳಸದ) ಉಸಿರಾಟದ ಪಾಠ ಅಂದರೆ ಯೀಸ್ಟ್ ಮತ್ತು ಸುಣ್ಣದ ತಿಳಿನೀರು. ನಾನೂ ಮೊದಲು ಅದನ್ನೇ ಮಾಡುತ್ತಿದ್ದೆ. ಸಕ್ಕರೆ ನೀರು ಕುದಿಸಿ, ಕರಗಿದ್ದ ಆಮ್ಲಜನಕ ಓಡಿಸಿ, ಆರಿಸಿ, ಯೀಸ್ಟ್ ಬೆರೆಸಿ, ಮೇಲೆ ಎಣ್ಣೆ ಸುರಿಯುವುದು. ಹೊರಬಂದ ಅನಿಲದಿಂದ ತಿಳಿನೀರು ಬೆಳ್ಳಗಾಗುತ್ತದೆ. ಆದರೆ ಗಾಳಿ ಸಿಕ್ಕ ಯೀಸ್ಟ್ ಕೂಡ ಇಂಗಾಲದ ಡೈಆಕ್ಸೈಡನ್ನೇ ಬಿಡುತ್ತದೆ ಅಲ್ವಾ? ಮತ್ತೆ ವ್ಯತ್ಯಾಸ ಕಂಡಿದ್ದೆಲ್ಲಿ?

ಈಗ ನಾನು ಯೀಸ್ಟ್ ಬೆರೆಸಿದ ಸಕ್ಕರೆ ನೀರಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕೆಲವೇ ಹನಿ ಹಾಕುತ್ತೇನೆ. ಅಲುಗಿಸದೆ ಬಿಟ್ಟರೆ ನೀಲಿ ಮಾಯವಾಗುತ್ತದೆ. ಗಾಳಿ ತಾಗುವ ಮೇಲಿನ ಅಂಚಿನಲ್ಲಿ ಮಾತ್ರ ತೆಳುವಾಗಿ ಉಳಿಯುತ್ತದೆ. ಪ್ರನಾಳ ಜೋರಾಗಿ ಕುಲುಕಿದರೆ ಬಣ್ಣ ವಾಪಸ್! ಬಿಟ್ಟರೆ ಮತ್ತೆ ಮಾಯ. ಪಕ್ಕದಲ್ಲಿ ಕುದಿಸಿ ಕೊಂದ ಯೀಸ್ಟಿನ ಪ್ರನಾಳವೂ ಇರಲೇಬೇಕು. ಅದು ನೀಲಿಯಾಗೇ ಉಳಿಯುತ್ತದೆ.

ವಿಷಯ ಇರುವುದು ಇಲ್ಲೇ. ಗಾಳಿ ಇರಲಿ ಬಿಡಲಿ, ಕೋಶ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕೀಳುತ್ತಲೇ ಇರುತ್ತದೆ. ಅದನ್ನು ಕೊನೆಗೆ ಯಾರು ತೆಗೆದುಕೊಳ್ಳುತ್ತಾರೆ ಅನ್ನುವುದೇ ಪ್ರಶ್ನೆ. ಆಮ್ಲಜನಕ ಇದ್ದರೆ ಅದು ತೆಗೆದುಕೊಂಡು ನೀರಾಗುತ್ತದೆ. ಪ್ರನಾಳದಲ್ಲಿ ಆಮ್ಲಜನಕ ಮುಗಿದಾಗ ನಮ್ಮ ನೀಲಿ ಬಣ್ಣ ಒಂದಿಷ್ಟು ತೆಗೆದುಕೊಂಡು ಬಣ್ಣ ಕಳೆದುಕೊಳ್ಳುತ್ತದೆ. ಬಣ್ಣ ಹಾಕದ ಕಡೆ ಯೀಸ್ಟ್ ಆ ಎಲೆಕ್ಟ್ರಾನನ್ನು, ಗ್ಲೂಕೋಸ್ ಒಡೆದಾಗ ಸಿಗುವ ಪೈರುವೇಟ್‌ನಿಂದ ಬಂದ ಅಸಿಟಾಲ್ಡಿಹೈಡ್‌ಗೆ ಕೊಟ್ಟು ಆಲ್ಕೋಹಾಲ್ ಮಾಡುತ್ತದೆ. ನಮ್ಮ ಸ್ನಾಯು ಪೈರುವೇಟ್‌ಗೇ ಕೊಟ್ಟು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಯಾರಿಗೂ ಕೊಡದಿದ್ದರೆ ಎಲೆಕ್ಟ್ರಾನ್ ಹೊರುವ ಎನ್‌ಎಡಿ ಖಾಲಿಯಾಗದು, ಗ್ಲೂಕೋಸ್ ಒಡೆಯುವ ಕೆಲಸವೇ ನಿಂತುಹೋಗುತ್ತದೆ.

ಆ ಒಡೆಯುವ ಕೆಲಸ ಕೋಶದ್ರವ್ಯದಲ್ಲಿ ನಡೆಯುತ್ತದೆ. ಒಂದು ಗ್ಲೂಕೋಸಿಗೆ ಉಳಿಯುವ ಲಾಭ 2 ಎಟಿಪಿ, ಅಂದರೆ ಕೋಶ ಶಕ್ತಿಗೆ ಬಳಸುವ ಅಣು. ಅವಾಯುವಿಕದಲ್ಲಿ ಸಿಗುವುದು ಅಷ್ಟೇ. ಆಮ್ಲಜನಕ ಇದ್ದು, ಕೋಶದೊಳಗಿನ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾ ಕೈಹಾಕಿದರೆ ಒಟ್ಟು ಸುಮಾರು 30ರಿಂದ 32. ಹಳೆಯ ಪುಸ್ತಕಗಳಲ್ಲಿ 36, 38 ಅಂತಿರುತ್ತದೆ, ಅದಕ್ಕೆ ಸುಮ್ನೆ ಜಗಳ ಬೇಡ. ಹಾಗಾದರೆ ಬಾಕಿ ಶಕ್ತಿ ಎಲ್ಲಿ ಹೋಯಿತು ಅಂತ ಮಕ್ಕಳು ಕೇಳುತ್ತಾರೆ. ಆಲ್ಕೋಹಾಲ್ ಹೊತ್ತಿ ಉರಿಯುತ್ತದಲ್ಲ, ಶಕ್ತಿ ಅದರೊಳಗೇ ಉಳಿದಿದೆ ಎನ್ನುತ್ತೇನೆ.

ಒಂದು ಕಿರಿಕಿರಿ ಇದೆ. ಸಕ್ಕರೆ ಜಾಸ್ತಿ ಇದ್ದರೆ ಬೇಕರಿ ಯೀಸ್ಟ್ ಗಾಳಿ ಇದ್ದರೂ ಆಲ್ಕೋಹಾಲ್ ಮಾಡುತ್ತದೆ. ಹಾಗಾಗಿ 'ಗಾಳಿ ಇಲ್ಲದಿದ್ದರೆ ಮಾತ್ರ' ಎಂಬ ವಾಕ್ಯವನ್ನು ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ.