ಶನಿವಾರದ ಮ್ಯಾಚ್ ಯಾವ ಆ್ಯಪ್‌ನಲ್ಲಿ? ಅಮೆರಿಕದ ಕಾಲೇಜು ಕ್ರೀಡೆ ನೋಡಬೇಕೆನ್ನುವ ಕನ್ನಡಿಗರಿಗೆ

ಸೆಪ್ಟೆಂಬರಿನ ಒಂದು ಶನಿವಾರ. ನನ್ನ ತಂಗಿ ಮಗಳು ಮೈಸೂರಿನಿಂದ ಎಂ.ಎಸ್. ಓದಲು ಬಂದು ಆಗಿನ್ನೂ ಒಂದು ತಿಂಗಳಾಗಿತ್ತು. ಅವಳ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಮ್ಯಾಚಿಗೆ ಸ್ಟೂಡೆಂಟ್ ಟಿಕೆಟ್ ಸಿಕ್ಕಿತ್ತು. ಸ್ಟೇಡಿಯಮ್ಮಿನಿಂದಲೇ ಫೋನ್ ಮಾಡಿದಳು: “ದೊಡ್ಡಮ್ಮಾ, ಬ್ಯಾಂಡ್ ಪಕ್ಕದಲ್ಲೇ ಕೂತಿದ್ದೀವಿ. ಟಿವಿ ಹಾಕಿ, ಕಾಣಿಸ್ತೀವಿ!” ಮನೆಯಲ್ಲಿ ನಾಲ್ಕು ಸಂಸಾರದವರು ಸೇರಿದ್ದೆವು. ಬಿಸಿಬೇಳೆಬಾತ್ ಒಲೆಯಿಂದ ಇಳಿದಿತ್ತು. ಅತ್ತ ಮೈಸೂರಿನಲ್ಲಿ ತಂಗಿ ವಾಟ್ಸ್ಯಾಪ್ ವಿಡಿಯೋದಲ್ಲಿ ಕಾಯುತ್ತಿದ್ದಳು. ರಿಮೋಟ್ ಹಿಡಿದು ಎಲ್ಲ ಚಾನೆಲ್ ತಿರುಗಿಸಿದೆ. ಮ್ಯಾಚ್ ಎಲ್ಲೂ ಇಲ್ಲ. ಅದು ಒಂದು ಆ್ಯಪ್‌ನಲ್ಲಿ ಮಾತ್ರ ಬರುತ್ತದೆ, ಆ ಆ್ಯಪ್ ನಮ್ಮ ಹತ್ತಿರ ಇಲ್ಲ ಎಂದು ಗೊತ್ತಾಗಿ, ದುಡ್ಡು ಕಟ್ಟಿ, ಪಾಸ್‌ವರ್ಡ್ ಹಾಕುವಷ್ಟರಲ್ಲಿ ಮೊದಲ ಕ್ವಾರ್ಟರ್ ಮುಗಿದಿತ್ತು.

ಅದಾದ ಮೇಲೆ ಈ ವ್ಯವಸ್ಥೆಯನ್ನು ಕೂತು ತಿಳಿದುಕೊಂಡೆ. ಹೊಸದಾಗಿ ಬಂದವರಿಗೂ, ಮಕ್ಕಳನ್ನು ಇಲ್ಲಿನ ಕಾಲೇಜಿಗೆ ಸೇರಿಸಿದವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಒಂದು ಸೂತ್ರ. “ಯಾವ ಆ್ಯಪ್‌ನಲ್ಲಿ ಬರುತ್ತೆ?” ಎಂದು ಕೇಳಬೇಡಿ. “ಯಾರ ಮೈದಾನದಲ್ಲಿ ಆಟ?” ಎಂದು ಕೇಳಿ. ನಮ್ಮ ಕಡೆ ಮದುವೆ ಯಾರು ಮಾಡಿಕೊಡುತ್ತಿದ್ದಾರೆ ಎಂದು ಗೊತ್ತಾದರೆ ಛತ್ರ, ಅಡುಗೆಯವರು, ವಾಲಗದವರು ಯಾರು ಎಂಬುದೂ ಗೊತ್ತಾಗುತ್ತದೆ ಅಲ್ವಾ? ಇಲ್ಲೂ ಹಾಗೇ. ಯಾರ ಮೈದಾನದಲ್ಲಿ ಆಟವೋ, ಪ್ರಸಾರದ ಹಕ್ಕು ಸಾಮಾನ್ಯವಾಗಿ ಆ ಕಾಲೇಜು ಸೇರಿರುವ ಕಾನ್ಫರೆನ್ಸಿನದು. ಕಾನ್ಫರೆನ್ಸ್ ಎಂದರೆ ಕಾಲೇಜುಗಳ ಒಕ್ಕೂಟ. ಪ್ರತಿ ಕಾಲೇಜೂ ತನ್ನ ಮೈದಾನದ ಆಟಗಳ ಹಕ್ಕನ್ನು ಇಂತಿಷ್ಟು ವರ್ಷಕ್ಕೆಂದು ಒಕ್ಕೂಟಕ್ಕೆ ಬರೆದುಕೊಡುತ್ತದೆ. ಒಕ್ಕೂಟ ಎಲ್ಲವನ್ನೂ ಒಟ್ಟಿಗೆ ಮಾರುತ್ತದೆ. ಅದಕ್ಕೇ ನಮ್ಮ ಹುಡುಗಿಯ ತಂಡದ ಒಂದು ಮ್ಯಾಚ್ ಒಂದು ಚಾನೆಲ್‌ನಲ್ಲಿ ಬಂದರೆ, ಮುಂದಿನ ವಾರ ಬೇರೆ ಊರಿಗೆ ಹೋದಾಗ ಇನ್ನೊಂದರಲ್ಲಿ ಬರಬಹುದು.

ನಮಗೆ ಇದು ವಿಚಿತ್ರ ಅನ್ನಿಸುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಐಪಿಎಲ್ ಆಗಲಿ ರಣಜಿ ಆಗಲಿ, ಹಕ್ಕು ಮಾರುವುದು ಬಿಸಿಸಿಐ ಒಂದೇ. ಇಲ್ಲೂ ಮೊದಲು ಹಾಗೇ ಇತ್ತು. ಕಾಲೇಜು ಫುಟ್‌ಬಾಲ್ ಟಿವಿಯಲ್ಲಿ ಎಷ್ಟು ಬರಬೇಕು, ಯಾರದ್ದು ಬರಬೇಕು ಎಂದು ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಎಂಬ ಸಂಸ್ಥೆ ತೀರ್ಮಾನಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರ ತೀರ್ಪಿನಲ್ಲಿ ಎನ್‌ಸಿಎಎಯ ಆ ಹಿಡಿತವನ್ನು ಬಿಡಿಸಿತು. ಅಲ್ಲಿಂದ ಮುಂದೆ ಕಾಲೇಜುಗಳು, ಅವುಗಳ ಒಕ್ಕೂಟಗಳು ತಾವೇ ಮಾರಿಕೊಳ್ಳತೊಡಗಿದವು. ಇವತ್ತಿನ ಗೊಂದಲದ ಬೇರು ಅಲ್ಲಿದೆ.

ಶನಿವಾರವೇ ಏಕೆ ಎಂದರೆ, 1961ರ ಒಂದು ಕಾನೂನಿನ ಕಾರಣ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್ಎಲ್, ಕಾಲೇಜು ಸೀಸನ್ ನಡೆಯುವ ಹೊತ್ತಿನಲ್ಲಿ ಶನಿವಾರದ ಕಡೆಗೆ ಬರದೆ ದೂರ ಉಳಿಯುತ್ತದೆ. ಆ ದಿನ ಕಾಲೇಜಿನವರದು.

ಈಗ ಸ್ಟ್ರೀಮಿಂಗ್ ವಿಷಯ. 2022ರ ಜೂನ್‌ನಲ್ಲಿ ಐಪಿಎಲ್ ಹಕ್ಕುಗಳ ಹರಾಜು ನಡೆದಾಗ ಟಿವಿ ಒಬ್ಬರಿಗೆ, ಡಿಜಿಟಲ್ ಇನ್ನೊಬ್ಬರಿಗೆ ಹೋಯಿತು. ಮರುವರ್ಷ ಜಿಯೋಸಿನಿಮಾ ಪುಕ್ಕಟೆ ತೋರಿಸಿತು. ಇಲ್ಲಿ ಆ ರೀತಿ ಬೇರೆ ಬೇರೆಯಾಗಿ ಮಾರುವುದು ಕಡಿಮೆ. ಚಾನೆಲ್ ಕಂಪನಿಯೇ ಎರಡನ್ನೂ ಸೇರಿಸಿ ಕೊಳ್ಳುತ್ತದೆ. ಆಮೇಲೆ ಕೆಲವು ಮ್ಯಾಚ್‌ಗಳನ್ನು ಟಿವಿಗೆ ಕೊಡದೆ ತನ್ನ ಆ್ಯಪ್‌ನಲ್ಲಿ ಮಾತ್ರ ಇಡುತ್ತದೆ. ಆ್ಯಪ್‌ಗೆ ಚಂದಾದಾರರು ಬರಲಿ ಎಂಬುದೇ ಉದ್ದೇಶ. ಎನ್‌ಬಿಸಿ ಚಾನೆಲ್ 2021ರಲ್ಲಿ ನೋಟ್ರ ಡೇಮ್ ಯೂನಿವರ್ಸಿಟಿ ತಂಡದ ಒಂದು ಮ್ಯಾಚನ್ನು ತನ್ನ ಪೀಕಾಕ್ ಆ್ಯಪ್‌ಗೆ ಮಾತ್ರ ಕೊಟ್ಟಿತು. 2023ರಲ್ಲಿ ಬಿಗ್ ಟೆನ್ ಒಕ್ಕೂಟದ ಹೊಸ ಒಪ್ಪಂದ ಶುರುವಾಯಿತು. ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರೂ ಸೇರಿ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿ ಕೊಡುವ ಒಪ್ಪಂದ ಅದು. ಆ ವರ್ಷದ ಮಿಶಿಗನ್ ತಂಡದ ಮೊದಲ ಮ್ಯಾಚೇ ಟಿವಿಯಲ್ಲಿ ಬರಲಿಲ್ಲ, ಪೀಕಾಕ್‌ನಲ್ಲಿ ಮಾತ್ರ ಬಂತು. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಸ್ಟೇಡಿಯಮ್ಮಿನ ಆಟ ಅದು.

ಆದರೆ ಸ್ಟ್ರೀಮಿಂಗ್ ನಿಜವಾಗಿ ಏನು ಮಾಡಬಲ್ಲದು ಎಂದು ಗೊತ್ತಾಗಬೇಕಾದರೆ ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟದ ಕತೆ ಕೇಳಬೇಕು. ಬೇ ಏರಿಯಾ, ಸಿಯಾಟಲ್, ಲಾಸ್ ಏಂಜಲಿಸ್‌ನಲ್ಲಿ ಇರುವ ಕನ್ನಡಿಗರಿಗೆ ಇದು ಮನೆ ಬಾಗಿಲಿನ ವಿಷಯ. ನೂರು ವರ್ಷಕ್ಕೂ ಹಳೆಯ ಒಕ್ಕೂಟ. ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಯುಸಿಎಲ್ಎ, ವಾಷಿಂಗ್ಟನ್ ಎಲ್ಲ ಅದರಲ್ಲೇ ಇದ್ದವು. 2022ರ ಜೂನ್ 30ರಂದು ಯುಎಸ್‌ಸಿ, ಯುಸಿಎಲ್ಎ ಎರಡೂ ಬಿಗ್ ಟೆನ್‌ಗೆ ಹೋಗುತ್ತೇವೆ ಎಂದು ಹೇಳಿಬಿಟ್ಟವು. ಉಳಿದವರಿಗೆ 2024ರಿಂದ ಹೊಸ ಪ್ರಸಾರ ಒಪ್ಪಂದ ಬೇಕಿತ್ತು. ತಿಂಗಳುಗಟ್ಟಲೆ ಮಾತುಕತೆ ನಡೆದು ಕೊನೆಗೆ ಕೈಗೆ ಬಂದದ್ದು ಆ್ಯಪಲ್ ಕೊಡುಗೆ. ಬಹುಪಾಲು ಆಟಗಳು ಆ್ಯಪ್‌ನಲ್ಲೇ. ಒಂದಿಷ್ಟು ಖಚಿತ ಹಣ, ಅದರ ಮೇಲೆ ಚಂದಾದಾರರು ಹೆಚ್ಚಿದಷ್ಟೂ ಹೆಚ್ಚು ಹಣ. ಎಷ್ಟು ಜನ ದುಡ್ಡು ಕೊಟ್ಟು ನೋಡುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ಕಾಲೇಜುಗಳಿಗೆ ಧೈರ್ಯ ಸಾಲಲಿಲ್ಲ. 2023ರ ಆಗಸ್ಟ್ 4ರ ಒಂದೇ ದಿನ ಆರೆಗನ್, ವಾಷಿಂಗ್ಟನ್ ಬಿಗ್ ಟೆನ್ ಕಡೆಗೆ ಹೊರಟವು. ಅರಿಜೋನ, ಅರಿಜೋನ ಸ್ಟೇಟ್, ಯೂಟಾ ಬಿಗ್ 12 ಎಂಬ ಇನ್ನೊಂದು ಒಕ್ಕೂಟ ಸೇರಲು ನಿರ್ಧರಿಸಿದವು. ಕೊಲರಾಡೊ ಅದಕ್ಕೆ ಮುಂಚೆಯೇ ಕಾಲ್ತೆಗೆದಿತ್ತು. ಕೊನೆಗೆ ಹಳೆಯ ಮನೆಯಲ್ಲಿ ಉಳಿದದ್ದು ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ.

ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎಲ್ಲಿಗೆ ಹೋದವು ಗೊತ್ತಾ? ಎಸಿಸಿಗೆ. ಅದರ ಪೂರ್ತಿ ಹೆಸರಿನಲ್ಲೇ ಅಟ್ಲಾಂಟಿಕ್ ಕರಾವಳಿ ಇದೆ. ಪೆಸಿಫಿಕ್ ದಡದ ಕಾಲೇಜುಗಳು ಈಗ ಇನ್ನೊಂದು ಸಮುದ್ರದ ಒಕ್ಕೂಟದಲ್ಲಿವೆ. ಫುಟ್‌ಬಾಲ್ ತಂಡಕ್ಕೆ ವಾರಕ್ಕೊಂದೇ ಆಟ, ಪರವಾಗಿಲ್ಲ. ವಾಲಿಬಾಲ್, ಸಾಕರ್ (ನಮ್ಮ ಕಡೆಯ ಫುಟ್‌ಬಾಲ್) ಆಡುವ ಮಕ್ಕಳು ವಾರದ ಮಧ್ಯೆ ಐದು ಗಂಟೆಯ ವಿಮಾನ ಹತ್ತಿ, ಮೂರು ಗಂಟೆ ಮುಂದಿರುವ ಗಡಿಯಾರಕ್ಕೆ ಹೊಂದಿಕೊಂಡು ಆಡಿ, ವಾಪಸ್ ಬಂದು ಪರೀಕ್ಷೆ ಬರೆಯಬೇಕು. ಫುಟ್‌ಬಾಲ್ ಹಣಕ್ಕಾಗಿ ಆದ ಬದಲಾವಣೆಯ ಭಾರ ಈ ಮಕ್ಕಳ ಮೇಲೆ ಬಿತ್ತು. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಮಕ್ಕಳಿಗೆ ಇಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಹುಡುಕುತ್ತಿರುವ ಪೋಷಕರು ಕಾಲೇಜಿನ ಹೆಸರಿನ ಜೊತೆಗೆ ಅದರ ಒಕ್ಕೂಟದ ಪ್ರಯಾಣದ ಪಟ್ಟಿಯನ್ನೂ ಕೇಳಿ ನೋಡಲೇಬೇಕು.

ಅದೇ ಸ್ಟ್ರೀಮಿಂಗ್ ಇನ್ನೊಂದು ಕಡೆ ದೊಡ್ಡ ಉಪಕಾರವನ್ನೂ ಮಾಡಿದೆ. ನಮ್ಮ ಸೋಮದೇವ್ ದೇವವರ್ಮನ್ ವರ್ಜೀನಿಯಾ ಯೂನಿವರ್ಸಿಟಿ ಪರ ಆಡಿ 2007 ಮತ್ತು 2008ರಲ್ಲಿ ಕಾಲೇಜು ಟೆನಿಸ್ ಸಿಂಗಲ್ಸ್ ಚಾಂಪಿಯನ್ ಆದರು. ಆಗ ಕಾಲೇಜು ಟೆನಿಸ್‌ಗೆ ಟಿವಿಯಲ್ಲಿ ಜಾಗ ಸಿಗುವುದೇ ಕಷ್ಟವಿತ್ತು. ಇವತ್ತು ಟೆನಿಸ್, ಈಜು, ಕುಸ್ತಿ, ಹಾಕಿ ಎಲ್ಲ ಆ್ಯಪ್‌ಗಳಲ್ಲಿ ಲೈವ್ ಬರುತ್ತವೆ. ಎಷ್ಟೋ ಕಡೆ ಕ್ಯಾಮೆರಾ ಹಿಡಿಯುವವರು, ಕಾಮೆಂಟರಿ ಹೇಳುವವರು ಅದೇ ಕಾಲೇಜಿನ ವಿದ್ಯಾರ್ಥಿಗಳು. ತಂಗಿ ಮಗಳ ಕ್ಯಾಂಪಸ್ಸಿಗೆ ಹೋದಾಗ ಒಂದು ವಾಲಿಬಾಲ್ ಮ್ಯಾಚ್ ನೋಡಿದೆ. ಕೋರ್ಟಿನ ಮೂಲೆಯಲ್ಲಿ ಟ್ರೈಪಾಡ್ ಹಿಂದೆ ನಿಂತ ಹುಡುಗಿಗೆ ಇಪ್ಪತ್ತು ವರ್ಷ ಇದ್ದೀತು. ಕಿವಿಗೆ ದೊಡ್ಡ ಹೆಡ್‌ಸೆಟ್. ಸರ್ವ್ ಆಗುವಾಗ ಉಸಿರು ಬಿಗಿಹಿಡಿದು ಕ್ಯಾಮೆರಾ ತಿರುಗಿಸುತ್ತಿದ್ದಳು. ಪಾಯಿಂಟ್ ಮುಗಿದ ಮೇಲೆ ಮಾತ್ರ ಭುಜ ಸಡಿಲ ಬಿಡುತ್ತಿದ್ದಳು. ಪ್ರಸಾರ, ಮಾಧ್ಯಮ ಓದಲು ಬಂದ ನಮ್ಮ ಹುಡುಗರು ಕ್ಯಾಂಪಸ್ಸಿನಲ್ಲಿ ಇಂಥ ಕೆಲಸ ಕೇಳಿ ನೋಡಿ.

2024ರಲ್ಲಿ ಎನ್‌ಸಿಎಎ ತನ್ನ ನಲವತ್ತು ಚಾಂಪಿಯನ್‌ಶಿಪ್‌ಗಳನ್ನು ಎಂಟು ವರ್ಷಕ್ಕೆ 92 ಕೋಟಿ ಡಾಲರ್‌ಗೆ ಇಎಸ್‌ಪಿಎನ್‌ಗೆ ಕೊಟ್ಟಿತು. ಮಹಿಳೆಯರ ಬಾಸ್ಕೆಟ್‌ಬಾಲೂ ಅದರಲ್ಲೇ ಸೇರಿದೆ. ಅದೇ ವರ್ಷ ಮಹಿಳೆಯರ ಫೈನಲ್ ನೋಡಿದವರು 1.8 ಕೋಟಿಗೂ ಹೆಚ್ಚು. ಪುರುಷರ ಫೈನಲ್‌ಗಿಂತ ಜಾಸ್ತಿ! ಒಂದು ಮಾತು ಗಮನಿಸಿ: ಮಹಿಳೆಯರ ಆಟ ಬಂದದ್ದು ಆಂಟೆನಾದಲ್ಲಿ ಪುಕ್ಕಟೆ ಸಿಗುವ ಎಬಿಸಿಯಲ್ಲಿ, ಪುರುಷರದ್ದು ಕೇಬಲ್ ಚಾನೆಲ್‌ಗಳಲ್ಲಿ. ಆಟಗಾರ್ತಿಯರ ಸೆಳೆತ ದೊಡ್ಡದೇ. ಜೊತೆಗೆ ಬಾಗಿಲು ತೆರೆದಿದ್ದರೆ ಜನ ಒಳಗೆ ಬರುತ್ತಾರೆ.

ಹಾಗಾದರೆ ಯಾವ ಕಾಲೇಜಿಗೆ ಏನು ನೋಡಬೇಕು? ನಮ್ಮ ಹುಡುಗರು ಜಾಸ್ತಿ ಇರುವ ಕಡೆಗಳನ್ನೇ ಹೇಳುತ್ತೇನೆ. ಪರ್ಡೂ, ಇಲಿನಾಯ್, ಮಿಶಿಗನ್, ಒಹಾಯೊ ಸ್ಟೇಟ್, ಪೆನ್ ಸ್ಟೇಟ್, ರಟ್ಗರ್ಸ್, ಯುಎಸ್‌ಸಿ, ವಾಷಿಂಗ್ಟನ್ ಎಲ್ಲ ಬಿಗ್ ಟೆನ್. ಈಸ್ಟರ್ನ್ ಟೈಮ್ ಪ್ರಕಾರ ಮಧ್ಯಾಹ್ನ 12ಕ್ಕೆ ಫಾಕ್ಸ್, 3:30ಕ್ಕೆ ಸಿಬಿಎಸ್, ರಾತ್ರಿ ಎನ್‌ಬಿಸಿ ಎಂದು ನೆನಪಿಟ್ಟುಕೊಂಡರೆ ದೊಡ್ಡ ಮ್ಯಾಚ್‌ಗಳು ಸಿಕ್ಕಿದ ಹಾಗೆ. ಉಳಿದವು ಬಿಗ್ ಟೆನ್ ನೆಟ್‌ವರ್ಕ್, ಫಾಕ್ಸ್‌ನ ಕ್ರೀಡಾ ಚಾನೆಲ್ ಎಫ್ಎಸ್1, ಪೀಕಾಕ್‌ನಲ್ಲಿ ಹಂಚಿಹೋಗಿರುತ್ತವೆ. ಆಸ್ಟಿನ್‌ನ ಟೆಕ್ಸಸ್, ಟೆಕ್ಸಸ್ ಎ ಅಂಡ್ ಎಂ, ಫ್ಲಾರಿಡಾ, ಜಾರ್ಜಿಯಾ ಇರುವ ಎಸ್ಇಸಿ ಒಕ್ಕೂಟ 2024ರಿಂದ ಪೂರ್ತಿ ಇಎಸ್‌ಪಿಎನ್, ಎಬಿಸಿ ಕೈಯಲ್ಲಿದೆ. ಜಾರ್ಜಿಯಾ ಟೆಕ್, ಎನ್‌ಸಿ ಸ್ಟೇಟ್, ವರ್ಜೀನಿಯಾ ಟೆಕ್ ಇರುವ ಎಸಿಸಿಯೂ ಬಹುಪಾಲು ಇಎಸ್‌ಪಿಎನ್ ಬಳಗದ್ದೇ, ಕೆಲವು ಸಿಡಬ್ಲ್ಯೂ ಚಾನೆಲ್‌ನಲ್ಲಿ. ಅರಿಜೋನ ಸ್ಟೇಟ್ ಇರುವ ಬಿಗ್ 12 ಇಎಸ್‌ಪಿಎನ್, ಫಾಕ್ಸ್ ನಡುವೆ ಹಂಚಿಕೆಯಾಗಿದೆ, ಇಎಸ್‌ಪಿಎನ್ ಪಾಲಿನ ಕೆಲವು ಟಿಎನ್‌ಟಿ ಚಾನೆಲ್‌ಗೆ ಹೋಗುತ್ತವೆ. ಒಕ್ಕೂಟದ ಆಟಗಳೆಲ್ಲ ಮುಗಿದ ಮೇಲೆ ಹನ್ನೆರಡು ತಂಡಗಳ ಪ್ಲೇಆಫ್. ಅದರ ಹಕ್ಕಿಗೆ ಇಎಸ್‌ಪಿಎನ್ ಆರು ವರ್ಷಕ್ಕೆ 780 ಕೋಟಿ ಡಾಲರ್ ಕೊಟ್ಟಿದೆ.

ಖರ್ಚಿನ ಮಾತು. ಮೊದಲು ಒಂದು ಆಂಟೆನಾ ತನ್ನಿ. ಕಿಟಕಿಗೆ ಅಂಟಿಸುವಂಥ ತೆಳ್ಳನೆಯದು ಸಾಕು. ಟವರ್ ತೀರಾ ದೂರ ಇಲ್ಲದಿದ್ದರೆ ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ನಾಲ್ಕೂ ತಿಂಗಳ ಚಂದಾ ಇಲ್ಲದೆ ಸಿಗುತ್ತವೆ. ಎಷ್ಟೋ ಜನ ಇದನ್ನು ಮರೆತು ಸುಮ್ನೆ ದುಡ್ಡು ಕಟ್ಟುತ್ತಾರೆ. ಅದರ ಮೇಲೆ ನಿಮ್ಮ ಕಾಲೇಜಿನ ಒಕ್ಕೂಟಕ್ಕೆ ಬೇಕಾದ ಒಂದೇ ಆ್ಯಪ್ ಸೇರಿಸಿ. 2025ರ ಶರತ್ಕಾಲದಲ್ಲಿ ಇಎಸ್‌ಪಿಎನ್‌ನ ಪೂರ್ತಿ ಆ್ಯಪ್ ತಿಂಗಳಿಗೆ 29.99 ಡಾಲರ್, ಫಾಕ್ಸ್‌ನ ಆ್ಯಪ್ ಫಾಕ್ಸ್ ಒನ್ 19.99, ಪೀಕಾಕ್ 10.99 ಇತ್ತು. ಎಲ್ಲ ಚಾನೆಲ್ ಒಟ್ಟಿಗೆ ಕೊಡುವ ಯೂಟ್ಯೂಬ್ ಟಿವಿ 82.99. ವರ್ಷದ ಚಂದಾ ಕಟ್ಟಬೇಡಿ. ಬೆಲೆ ಬದಲಾಗುತ್ತಲೇ ಇರುತ್ತದೆ. ಆಗಸ್ಟ್ ಕೊನೆಯಲ್ಲಿ ಶುರು ಮಾಡಿ, ಡಿಸೆಂಬರ್‌ನಲ್ಲಿ ನಿಲ್ಲಿಸಿ. ಇನ್ನೊಂದು ಕಾರಣವೂ ಇದೆ: ಕಂಪನಿಗಳ ಜಗಳದಲ್ಲಿ ಚಾನೆಲ್‌ಗಳೇ ಮಾಯವಾಗುತ್ತವೆ. 2025ರ ಅಕ್ಟೋಬರ್ 30ರ ರಾತ್ರಿ ಇಎಸ್‌ಪಿಎನ್, ಎಬಿಸಿಗಳ ಒಡೆಯನಾದ ಡಿಸ್ನಿ ಕಂಪನಿ ಜೊತೆಗಿನ ಒಪ್ಪಂದ ಮುರಿದು ಯೂಟ್ಯೂಬ್ ಟಿವಿಯಿಂದ ಆ ಚಾನೆಲ್‌ಗಳು ಹೋದವು. ಮರಳಿ ಬಂದದ್ದು ನವೆಂಬರ್ 14ಕ್ಕೆ. ಸೀಸನ್‌ನ ಎರಡು ಶನಿವಾರಗಳು ಹೋದವು. ಆಂಟೆನಾ ಇದ್ದವರಿಗೆ ಎಬಿಸಿಯಾದರೂ ಸಿಕ್ಕಿತು.

ಈ ಹಣದಲ್ಲಿ ಆಟಗಾರರಿಗೂ ಪಾಲು ಬಂದಿದೆ. ಆಟಗಾರರ ಕೇಸಿನಲ್ಲಿ 2025ರ ಜೂನ್ 6ರಂದು ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ, ಒಂದು ಕಾಲೇಜು ತನ್ನ ಕ್ರೀಡಾಪಟುಗಳಿಗೆ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್ ತನಕ ನೇರವಾಗಿ ಕೊಡಬಹುದು. ಇದು ಬೇಕಾಗಿದ್ದ ಬದಲಾವಣೆ. ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವ ಮಕ್ಕಳ ವಿಷಯದಲ್ಲಿ ಹುಷಾರು. ಕೆಲಸಕ್ಕೆ ಸಂಬಂಧಿಸಿದ ವೀಸಾ ನಿಯಮಗಳು ಬಿಗಿ. ಹಣದ ಯಾವ ಕಾಗದಕ್ಕೂ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸನ್ನು ಕೇಳದೆ ಸಹಿ ಹಾಕಬಾರದು ಎಂದು ಮಕ್ಕಳಿಗೆ ಹೇಳಿ.

ಊರಿನಲ್ಲಿ ಇರುವವರಿಗೆ ಒಂದು ಮಾತು. ಹಕ್ಕು ದೇಶದೇಶಕ್ಕೆ ಬೇರೆ. ಇಲ್ಲಿನ ಆ್ಯಪ್ ಅಲ್ಲಿ ನಡೆಯುತ್ತದೆ ಎಂದು ನಂಬಿ ಕೂರಬೇಡಿ, ಮೊದಲೇ ತೆರೆದು ನೋಡಿ. ಇಲ್ಲಿನ ಈಸ್ಟರ್ನ್ ಮಧ್ಯಾಹ್ನ 12 ಎಂದರೆ ನಮ್ಮಲ್ಲಿ ರಾತ್ರಿ 9:30. ನವೆಂಬರ್ ಮೊದಲ ವಾರ ಇಲ್ಲಿ ಗಡಿಯಾರ ಹಿಂದೆ ಹಾಕಿದ ಮೇಲೆ 10:30.

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಗ ಒಂದು ಹಾಳೆ ಇದೆ. ಎದುರಾಳಿ, ಯಾರ ಮೈದಾನ, ಚಾನೆಲ್, ಇಲ್ಲಿನ ಸಮಯ, ಮೈಸೂರಿನ ಸಮಯ ಎಂದು ಐದು ಕಾಲಂ. ಚಾನೆಲ್ ಕಾಲಂ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಎಷ್ಟೋ ಮ್ಯಾಚ್‌ಗಳ ಚಾನೆಲ್ ಆರರಿಂದ ಹನ್ನೆರಡು ದಿನ ಮುಂಚೆಯಷ್ಟೇ ತೀರ್ಮಾನವಾಗುತ್ತದೆ.