ಆರ್‌ಇಎಫ್ ಸುಮ್ನೆ ಟ್ರಿಪ್ ಆಗ್ತಿದ್ರೆ ಸೆಟ್ಟಿಂಗ್ ಮುಟ್ಟಬೇಡಿ, ಮೊದಲು ನ್ಯೂಟ್ರಲ್ ಪಟ್ಟಿ ನೋಡಿ

ನಾನು ಬಳ್ಳಾರಿಯಲ್ಲಿದ್ದುಕೊಂಡು ಸುತ್ತಮುತ್ತಲಿನ ಕಾರ್ಖಾನೆಗಳ ರಿಲೇ (ದೋಷ ಕಂಡರೆ ಸಪ್ಲೈ ಕಡಿಸುವ ಸಾಧನ) ಟೆಸ್ಟಿಂಗ್ ಮಾಡುತ್ತೇನೆ. ಕೊಪ್ಪಳದ ಕಡೆ ಒಂದು ಕಾರ್ಖಾನೆಯಲ್ಲಿ 5 ಎಂವಿಎ, 33/11 ಕೆವಿ ಟ್ರಾನ್ಸ್‌ಫಾರ್ಮರ್ ಇತ್ತು. ಅಲ್ಲಿನ ಎಲೆಕ್ಟ್ರಿಷಿಯನ್ ಹೇಳಿದ್ದು ಇಷ್ಟೇ: "ಸರ್, ಹೊರಗ ಫೀಡರ್‌ನಾಗ ಅರ್ಥ್ ಆದ್ರ ಇಲ್ಲಿ ಟ್ರಾನ್ಸ್‌ಫಾರ್ಮರ್ರೇ ಬೀಳ್ತೈತ್ರಿ." ಬೀಳಿಸುತ್ತಿದ್ದದ್ದು ಆರ್‌ಇಎಫ್, ಅಂದರೆ ರಿಸ್ಟ್ರಿಕ್ಟೆಡ್ ಅರ್ಥ್ ಫಾಲ್ಟ್ ರಿಲೇ. ಟ್ರಾನ್ಸ್‌ಫಾರ್ಮರ್ ಒಳಗೇ ಕರೆಂಟ್ ಅರ್ಥ್ ಆದರೆ ಮಾತ್ರ ಅದು ಟ್ರಿಪ್ ಮಾಡಬೇಕು. ಮೊದಲು ಬಂದವರು ಸೆಟ್ಟಿಂಗ್ ಏರಿಸಿ ಹೋಗಿದ್ದರು, ಆಮೇಲೂ ಅದೇ ಕಥೆ.

ಈ ರಿಲೇ ಯಾಕೆ ಬೇಕು ಅಂದರೆ, 11 ಕೆವಿ ಕಡೆ ಸ್ಟಾರ್ ವೈಂಡಿಂಗ್‌ನಲ್ಲಿ ನ್ಯೂಟ್ರಲ್‌ಗೆ ಹತ್ತಿರದ ಸುತ್ತುಗಳಲ್ಲಿ ಅರ್ಥ್ ಫಾಲ್ಟ್ ಆದರೆ ನ್ಯೂಟ್ರಲ್‌ನಲ್ಲಿ ಕರೆಂಟ್ ಜೋರಾಗಿ ಹರಿಯುತ್ತದೆ, ಆದರೆ ಶಾರ್ಟ್ ಆದ ಸುತ್ತುಗಳು ಕಡಿಮೆ ಇರುವುದರಿಂದ 33 ಕೆವಿ ಡೆಲ್ಟಾ ಕಡೆ ಅದರ ಸುಳಿವೇ ಅಷ್ಟಾಗಿ ಸಿಗುವುದಿಲ್ಲ. ಎರಡೂ ಕಡೆಯ ಕರೆಂಟ್ ಹೋಲಿಸಿ ನೋಡುವ ಡಿಫರೆನ್ಷಿಯಲ್ ರಿಲೇ ಸುಮ್ಮನೆ ಕೂತಿರುತ್ತದೆ. ಆರ್‌ಇಎಫ್ ಮೂರು ಫೇಸ್ ಸಿಟಿಗಳ (ದೊಡ್ಡ ಕರೆಂಟನ್ನು ಅಳತೆಗೆ ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳ) ಮೊತ್ತವನ್ನು ನ್ಯೂಟ್ರಲ್ ಸಿಟಿ ಜೊತೆ ತಾಳೆ ನೋಡುತ್ತದೆ. ಫಾಲ್ಟ್ ಹೊರಗಿದ್ದರೆ ಎರಡೂ ಸರಿಹೋಗಬೇಕು, ಒಳಗಿದ್ದರೆ ಹೋಗಬಾರದು. ಅಷ್ಟೇ ಅದರ ಕೆಲಸ.

ಸೆಟ್ಟಿಂಗ್ ಲೆಕ್ಕ ಮೊದಲಿಂದ ಮಾಡಿದೆ. ಫುಲ್ ಲೋಡ್ 262 ಆಂಪ್ಸ್, ಇಂಪೀಡೆನ್ಸ್ 7.15%, ಹಾಗಾಗಿ ಹೊರಗಿನ ದೊಡ್ಡ ಫಾಲ್ಟ್‌ಗೆ ಸುಮಾರು 3,670 ಆಂಪ್ಸ್. 300/1 ಸಿಟಿ, ಅಂದರೆ 300 ಆಂಪ್ಸ್‌ಗೆ 1 ಆಂಪ್; ಹಾಗಾಗಿ ಸೆಕೆಂಡರಿಯಲ್ಲಿ (ರಿಲೇ ಕಡೆ) 12.2 ಆಂಪ್ಸ್. ಸಿಟಿ ಒಳಗಿನ ರೆಸಿಸ್ಟೆನ್ಸ್ 2 ಓಮ್, ಹೋಗಿಬರುವ ವೈರ್ 1 ಓಮ್. ಒಂದು ಸಿಟಿ ಪೂರ್ತಿ ಸ್ಯಾಚುರೇಟ್ ಆಯಿತು (ಕರೆಂಟ್ ಜಾಸ್ತಿಯಾಗಿ ಕೈಚೆಲ್ಲಿತು) ಅಂತಲೇ ಇಟ್ಟುಕೊಂಡರೆ ರಿಲೇ ಎದುರು ಬರುವುದು 37 ವೋಲ್ಟ್ ಹತ್ತಿರ. 40 ವೋಲ್ಟ್ ಇಟ್ಟೆ. ರಿಲೇ ಪಿಕಪ್ (ಕೆಲಸ ಶುರು ಮಾಡುವ ಕರೆಂಟ್) 0.1 ಆಂಪ್, ಹಾಗಾದರೆ ಹೊರಗಿನ ಫಾಲ್ಟ್‌ಗೆ ಬೀಳದಂತೆ ರಿಲೇ ಜೊತೆ ಸೀರೀಸ್‌ನಲ್ಲಿ ಹಾಕುವ ಸ್ಟೆಬಿಲೈಸಿಂಗ್ ರೆಸಿಸ್ಟರ್ 400 ಓಮ್. ನೀ ಪಾಯಿಂಟ್ ವೋಲ್ಟೇಜ್ (ಸಿಟಿ ಸ್ಯಾಚುರೇಟ್ ಆಗತೊಡಗುವ ವೋಲ್ಟೇಜ್) ಆ 40 ವೋಲ್ಟಿನ ಎರಡು ಪಟ್ಟಾದರೂ ಇರಬೇಕು, ಸಿಟಿದು 120 ಇತ್ತು, ಸಾಕು. ನಾಲ್ಕು ಸಿಟಿಗಳು 40 ವೋಲ್ಟ್‌ನಲ್ಲಿ ತಲಾ 10 ಮಿಲಿ ಆಂಪ್ ತಿನ್ನುತ್ತವೆ, ಅದನ್ನೂ ಸೇರಿಸಿದರೆ ಸಿಟಿ ಪ್ರೈಮರಿಯಲ್ಲಿ 42 ಆಂಪ್ಸ್‌ಗೆ ರಿಲೇ ಕೆಲಸ ಮಾಡುತ್ತದೆ. ಫುಲ್ ಲೋಡಿನ 16%. ಚೆನ್ನಾಗಿದೆ. ಲೆಕ್ಕದಲ್ಲಿ ತಕರಾರಿಲ್ಲ ಅಂದ ಮೇಲೆ ತಕರಾರು ಅಂಗಳದಲ್ಲೇ ಇರಬೇಕು, ಅಲ್ವಾ?

ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೆ ಹೋಗಿ ನೋಡಿದರೆ ನ್ಯೂಟ್ರಲ್ ಬುಶಿಂಗ್‌ನಿಂದ ಅರ್ಥಿಂಗ್‌ನ ಲೋಹದ ಪಟ್ಟಿ ಕೆಳಗಿಳಿದು, ನಿಯಮದ ಪ್ರಕಾರ ಎರಡು ಅರ್ಥ್ ಪಿಟ್‌ಗೆ ಎರಡು ಕವಲಾಗಿತ್ತು. ಸಿಟಿ ಹಾಕಿದ್ದು ಕವಲಾದ ಮೇಲೆ, ಒಂದು ಪಟ್ಟಿಗೆ ಮಾತ್ರ! ಫೇಸ್ ಸಿಟಿಗಳಿಗೆ ಪೂರ್ತಿ ಕರೆಂಟ್ ಕಾಣುತ್ತದೆ, ನ್ಯೂಟ್ರಲ್ ಸಿಟಿಗೆ ಅರ್ಧ. ಉಳಿದರ್ಧ ಆ ಕಡೆಯ ಪಟ್ಟಿಯಲ್ಲಿ ಆರಾಮಾಗಿ ಹೋಗುತ್ತದೆ. ಇದಕ್ಕೆ ಯಾವ ಸೆಟ್ಟಿಂಗ್ ಇಟ್ಟು ತಡೆಯುತ್ತೀರಿ? ಶಟ್‌ಡೌನ್ ತೆಗೆದುಕೊಂಡು ಸಿಟಿಯನ್ನು ಕವಲಿಗೆ ಮೊದಲು, ಬುಶಿಂಗ್ ಕಡೆಗೆ ಹಾಕಿಸಿದೆವು. ಸಿಟಿವರೆಗೆ ಪಟ್ಟಿ ಟ್ಯಾಂಕಿಗೆ ಎಲ್ಲೂ ತಾಗದಂತೆ ಇನ್ಸುಲೇಟರ್ ಮೇಲೆ ಕೂರಿಸಿದೆವು. ತಾಗಿದರೆ ಮತ್ತೆ ಅದೇ ಕಳ್ಳದಾರಿ.

ಆಮೇಲೆ ಸ್ಟೆಬಿಲಿಟಿ ಟೆಸ್ಟ್, ಅಂದರೆ ಹೊರಗೆ ಫಾಲ್ಟ್ ಆದಂತೆ ಮಾಡಿ ರಿಲೇ ಸುಮ್ಮನಿರುತ್ತದಾ ಅಂತ ನೋಡುವುದು. ಇದನ್ನು ಬಿಟ್ಟು ಚಾರ್ಜ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 33 ಕೆವಿ ಕಡೆಗೆ ಮಾಮೂಲಿ 415 ವೋಲ್ಟ್ ತ್ರೀ ಫೇಸ್ ಕೊಟ್ಟೆ. 11 ಕೆವಿ ಕಡೆ ಆರ್ ಫೇಸನ್ನು ಫೇಸ್ ಸಿಟಿ ದಾಟಿದ ಮೇಲೆ ಅರ್ಥ್ ಪಟ್ಟಿಗೆ ಶಾರ್ಟ್ ಮಾಡಿದೆ. ನೇರ ನ್ಯೂಟ್ರಲ್ ಬುಶಿಂಗ್‌ಗೆ ಕಟ್ಟಿದರೆ ನ್ಯೂಟ್ರಲ್ ಸಿಟಿಯಲ್ಲಿ ಕರೆಂಟೇ ಹರಿಯುವುದಿಲ್ಲ, ಜೋಪಾನ. ಟ್ರಿಪ್ ಸರ್ಕ್ಯೂಟ್ ಬಿಡಿಸಿ, 400 ಓಮ್ ರೆಸಿಸ್ಟರನ್ನು ಅಳೆಯುವ ಹೊತ್ತಿಗೆ ಶಾರ್ಟ್ ಮಾಡಿಕೊಳ್ಳಬೇಕು. ಸಿಟಿ ಪ್ರೈಮರಿಯಲ್ಲಿ 46 ಆಂಪ್ಸ್ ಹತ್ತಿರ ಬಂತು, ಎರಡು ಸಿಟಿಗಳಲ್ಲೂ 150 ಮಿಲಿ ಆಂಪ್‌ನಷ್ಟು. ರಿಲೇಯಲ್ಲಿ? ಸುಮಾರು 300! ಒಂದನ್ನೊಂದು ಕಳೆಯಬೇಕಾದ ಕರೆಂಟ್‌ಗಳು ಕೂಡಿಕೊಂಡಿದ್ದವು, ಅಂದರೆ ನ್ಯೂಟ್ರಲ್ ಸಿಟಿಯ ಪೋಲಾರಿಟಿಯೂ ಉಲ್ಟಾ. ಸಿಟಿಯ ಎಸ್1, ಎಸ್2 ತುದಿಗಳನ್ನು ಅದಲು ಬದಲು ಮಾಡಿಸಿದ ಮೇಲೆ ಎರಡು ಮೂರು ಮಿಲಿ ಆಂಪ್‌ಗೆ ಇಳಿಯಿತು. ವೈ, ಬಿ ಫೇಸ್‌ಗೂ ಹಾಗೇ ನೋಡಿದೆ. ರೆಸಿಸ್ಟರಿನ ಶಾರ್ಟ್ ತೆಗೆಯುವುದನ್ನು ಮಾತ್ರ ಮರೆಯಬೇಡಿ.

ಲೋ ಇಂಪೀಡೆನ್ಸ್ ನ್ಯೂಮೆರಿಕಲ್ (ಡಿಜಿಟಲ್) ರಿಲೇ ಆದರೆ ರೆಸಿಸ್ಟರ್ ಗೋಜಿಲ್ಲ, ಸಿಟಿ ರೇಷಿಯೋ ಬೇರೆಬೇರೆ ಇದ್ದರೂ ಒಳಗೇ ಸರಿ ಮಾಡಿಕೊಳ್ಳುತ್ತದೆ. ಆದರೆ ಪಟ್ಟಿ, ಪೋಲಾರಿಟಿ ತಪ್ಪಿದ್ದರೆ ಅದೂ ಬೀಳುತ್ತದೆ.

ಫೀಡರ್ ರಿಲೇ ಕೆಲಸ ಮಾಡದಿದ್ದರೆ ಕೈಹಿಡಿಯುವ ಸ್ಟ್ಯಾಂಡ್‌ಬೈ ಅರ್ಥ್ ಫಾಲ್ಟ್ ರಿಲೇಗೆ ನ್ಯೂಟ್ರಲ್‌ನಲ್ಲಿ ಬೇರೆ ಸಿಟಿಯನ್ನೇ ಕೊಡಿ, ಟೈಮನ್ನು ಫೀಡರ್‌ಗಿಂತ ಜಾಸ್ತಿ ಇಡಿ. ಅದೂ ಎಲ್ಲವನ್ನೂ ಹಿಡಿಯುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ತಂತಿ ಒಣ ಬಂಡೆ ಮೇಲೆ ಬಿದ್ದರೆ ಕರೆಂಟ್ ಹರಿಯುವುದೇ ಅಷ್ಟಕ್ಕಷ್ಟೇ. ಅಂಥದ್ದಕ್ಕೆ ಫೀಡರ್‌ನಲ್ಲೇ ಸೆನ್ಸಿಟಿವ್ ಅರ್ಥ್ ಫಾಲ್ಟ್ ರಿಲೇ ಬೇಕು.